ಪಡಸಾಲೆಯ ಟು, ಅಡುಗೆಮನೆಯ ಇಂಗ್

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ ಎಂದು ಹೇಳುವಾಗ ನನ್ನ ದನಿ ತಾನಾಗಿಯೇ ತಗ್ಗುತ್ತದೆ. ಕಾರಣ, ಸರಕಾರ ನನ್ನನ್ನು ನೇಮಿಸಿಕೊಂಡದ್ದು ಇತಿಹಾಸ ಕಲಿಸಲಿಕ್ಕೆ. ಇಂಗ್ಲಿಷ್ ಶಿಕ್ಷಕರ ಹುದ್ದೆ ನಾನು ಸೇರುವಾಗಲೇ ಖಾಲಿ ಇತ್ತು. ನಾನು ನಿವೃತ್ತನಾಗುವಾಗಲೂ ಅದು ಅಷ್ಟೇ ಖಾಲಿಯಾಗಿ, ಅಷ್ಟೇ ಅಚ್ಚುಕಟ್ಟಾಗಿ ಉಳಿದಿತ್ತು. ನಡುವಿನ ಕಾಲದಲ್ಲಿ ಆ ಖಾಲಿ ಜಾಗದಲ್ಲಿ ನಾನು ನಿಂತಿದ್ದೆ, ಅಷ್ಟೇ.

ಇತಿಹಾಸದವನ ಕೈಗೆ ಇಂಗ್ಲಿಷ್ ವ್ಯಾಕರಣ ಕೊಟ್ಟರೆ ಅವನು ಅದನ್ನು ರಾಜವಂಶಗಳ ಹಾಗೆ ಓದುತ್ತಾನೆ. ಯಾರು ಯಾರನ್ನು ಆಳಿದರು, ಯಾರ ಗಡಿ ಎಲ್ಲಿಗೆ ಮುಗಿಯಿತು ಎಂದು ಕೇಳುತ್ತಾನೆ. ನಾಮಪದ ಶರಣಾಯಿತು, ಕಾಲಗಳು ಕಪ್ಪ ಒಪ್ಪಿಸಿದವು, ಕರ್ಮಣಿ ಪ್ರಯೋಗ ಕೂಡ ಒಂದು ಮಳೆಗಾಲದಲ್ಲಿ ಕೈವಶವಾಯಿತು. ಒಂದು ಕೋಟೆ ಮಾತ್ರ ಬಗ್ಗಲಿಲ್ಲ. ಒಂದು ಕ್ರಿಯಾಪದದ ಬೆನ್ನಿಗೆ ಇನ್ನೊಂದು ಕ್ರಿಯಾಪದ ಬಂದರೆ ಆ ಎರಡನೆಯದು ಯಾವ ವೇಷದಲ್ಲಿ ಬರಬೇಕು ಎಂಬ ಪ್ರಶ್ನೆ ಅದು. ವಾಂಟ್ ಎಂಬ ಕ್ರಿಯಾಪದ ತನ್ನ ಹಿಂದೆ ಬರುವವರ ತಲೆಗೆ ಟು ಎಂಬ ಟೋಪಿಯನ್ನು ಕಡ್ಡಾಯ ಮಾಡಿದೆ: ವಾಂಟ್ ಟು ಗೋ. ಎಂಜಾಯ್ ಎಂಬುದಕ್ಕೆ ಟೋಪಿ ಕಂಡರಾಗದು. ಅದು ಇಂಗ್ ಎಂಬ ಬಾಲ ಕಟ್ಟಿಕೊಂಡು ಬಂದವರನ್ನೇ ಒಳಗೆ ಬಿಡುತ್ತದೆ: ಎಂಜಾಯ್ ಗೋಯಿಂಗ್. ಟೋಪಿ, ಬಾಲ ಅದಲುಬದಲಾದರೆ ಆಡಿದವನ ಮರ್ಯಾದೆ ಹೋಗುತ್ತದೆ. ಯಾಕೆ ಹೀಗೆ ಎಂದು ಗೈಡ್ ಪುಸ್ತಕ ತೆರೆದರೆ 'ಬಳಕೆಯಿಂದ ತಿಳಿಯತಕ್ಕದ್ದು' ಎಂದಿತ್ತು. ನಮ್ಮ ಉಗಾರ ಬುದ್ರುಕದಲ್ಲಿ ಎಂಜಾಯ್ ಎಂಬುದರ ಬಳಕೆ ಯಾವ ಓಣಿಯಲ್ಲಿ ನಡೆಯುತ್ತದೆ ಎಂಬುದನ್ನು ಆ ಪುಸ್ತಕ ಹೇಳಿರಲಿಲ್ಲ.

ಹೀಗಾಗಿ ನಾನು ನನಗೆ ತಿಳಿದ ಶಾಸ್ತ್ರವನ್ನೇ ಹಚ್ಚಿದೆ. ಕ್ರಿಯಾಪದಗಳನ್ನು ಮನೆತನಗಳೆಂದು ತಿಳಿದರೆ ಸಮಸ್ಯೆ ಅರ್ಧ ಪರಿಹಾರವಾಗುತ್ತದೆ. ಕೆಲವು ಮನೆತನಗಳ ಬೀಗತನವೆಲ್ಲ ಟು ಕಡೆಗೆ, ಕೆಲವರದೆಲ್ಲ ಇಂಗ್ ಕಡೆಗೆ. ಇನ್ನು ಲೈಕ್, ಸ್ಟಾರ್ಟ್, ಬಿಗಿನ್ ಇವೆ. ಇವು ನಮ್ಮ ಗಡಿಯ ಮನೆಗಳಂತೆ ಒಬ್ಬ ಮಗಳನ್ನು ಮಿರಜ ಕಡೆಗೆ, ಇನ್ನೊಬ್ಬಳನ್ನು ಅಥಣಿ ಕಡೆಗೆ ಕೊಟ್ಟು, ಎರಡೂ ಕಡೆ ಹೋಳಿಗೆ ಉಂಡು ಬರುತ್ತವೆ, ಯಾರಿಗೂ ಬೇಜಾರಿಲ್ಲ. ಅಪಾಯವಿರುವುದು ಸ್ಟಾಪ್ ಎಂಬಂಥವುಗಳಲ್ಲಿ. ಟು ಹಚ್ಚಿದರೆ ಮಾತಾಡಲಿಕ್ಕೆಂದು ನಿಂತ ಎಂದಾಗುತ್ತದೆ, ಇಂಗ್ ಹಚ್ಚಿದರೆ ಮಾತಾಡುವುದನ್ನೇ ನಿಲ್ಲಿಸಿದ ಎಂದಾಗುತ್ತದೆ. ನಮ್ಮ ಊರಿನ ದರ್ಜಿ ಕನ್ನಡದಲ್ಲಿ ಸಿಡುಕುತ್ತಾನೆ, ಗಿರಾಕಿ ಮರಾಠಿಗೆ ಹೊರಳಿದರೆ ಅದೇ ದರ್ಜಿ ಸಂತನಾಗುತ್ತಾನೆ. ಮನುಷ್ಯ ಅವನೇ, ಭಾಷೆ ಬದಲಾದೊಡನೆ ಬೇರೆಯವನು. ಸ್ಟಾಪ್ ಕೂಡ ಆ ಜಾತಿಯದು.

ಇದು ಪರದೇಶದವರ ಹುಚ್ಚಾಟ ಎಂದು ಬಹಳ ದಿನ ತಿಳಿದಿದ್ದೆ. ಆಮೇಲೆ ನಮ್ಮ ಮಾತನ್ನೇ ಕಿವಿಗೊಟ್ಟು ಕೇಳಿದಾಗ ಸ್ವಲ್ಪ ಗಾಬರಿಯಾಯಿತು. 'ಅಂವಗ ಮಾತಾಡಾಕ ಬಿಟ್ಟೆ' ಎಂದರೆ ಅವಕಾಶ ಕೊಟ್ಟೆ ಎಂದರ್ಥ. 'ಅಂವನ ಜೋಡಿ ಮಾತಾಡೂದ ಬಿಟ್ಟೆ' ಎಂದರೆ ಸಂಬಂಧವೇ ಹರಿಯಿತು. ಬಿಡುವುದು ಒಂದೇ. ನಡುವೆ 'ಆಕ' ಬಂತೋ 'ಊದ' ಬಂತೋ ಎಂಬುದರ ಮೇಲೆ ಒಬ್ಬನ ಬಾಯಿ ತೆರೆಯುತ್ತದೆ, ಇನ್ನೊಬ್ಬನದು ಮುಚ್ಚುತ್ತದೆ. ಇದನ್ನು ನಮಗೆ ಯಾರೂ ಕಲಿಸಲಿಲ್ಲ, ಯಾವ ಪರೀಕ್ಷೆಯಲ್ಲೂ ಕೇಳಲಿಲ್ಲ, ನಾವು ಒಮ್ಮೆಯೂ ತಪ್ಪಲಿಲ್ಲ. ತಾಯಿಯ ಭಾಷೆಯಲ್ಲಿ ಎಲ್ಲರೂ ಪಂಡಿತರೇ. ಪಾಂಡಿತ್ಯಕ್ಕೆ ಅಡಚಣೆಯಾಗುವುದು ಅತ್ತೆಮನೆಯ ಭಾಷೆಯಲ್ಲಿ.

ಅತ್ತೆಮನೆ ಎಂದಾಗ ನನ್ನ ಸೊಸೆಯ ಮಾತು ಬರಲೇಬೇಕು. ವೈಶಾಲಿ ನಿಪ್ಪಾಣಿಯ ಹುಡುಗಿ. ಬಿ.ಎ., ಬಿ.ಎಡ್. ಮುಗಿಸಿ ನಮ್ಮ ಮನೆಗೆ ಬಂದಳು. ನನ್ನ ಮಗ ಸಂಜು ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ಕಬ್ಬಿನ ಗಾಡಿ ತೂಗುತ್ತಾನೆ. ಹಂಗಾಮು ಸುರುವಾದರೆ ಅವನು ಮನೆಗೆ ಬರುವುದು ಉಣ್ಣಲಿಕ್ಕೆ ಮತ್ತು ಅಂಗಿ ಬದಲಿಸಲಿಕ್ಕೆ. ಉಳಿದ ಸಮಯ ಮನೆಯಲ್ಲಿರುವವರು ನಾವು ಮೂವರು: ಪಡಸಾಲೆಯಲ್ಲಿ ನಾನು, ಅಡುಗೆಮನೆಯಲ್ಲಿ ವೈಶಾಲಿ, ನಡುವೆ ಹೊಸ್ತಿಲ ಮೇಲೆ ನನ್ನ ಹೆಂಡತಿ ಕಮಲಾ.

ನಮ್ಮ ಮನೆಯಲ್ಲಿ ಸೊಸೆ ಮಾವನ ಎದುರಿಗೆ ಕೂಡುವುದಿಲ್ಲ, ನೇರವಾಗಿ ಮಾತಾಡುವುದಿಲ್ಲ, ತಲೆಯ ಮೇಲಿನ ಸೆರಗು ಇಳಿಸುವುದಿಲ್ಲ. ಮಾವನೂ ಹಾಗೆಯೇ ಸೊಸೆಗೆ ನೇರವಾಗಿ ಏನೂ ಹೇಳುವುದಿಲ್ಲ. ಈ ಕಾನೂನು ಯಾರದೆಂದು ಇತಿಹಾಸದ ಶಿಕ್ಷಕನಾಗಿ ನಾನು ಶೋಧಿಸಿದ್ದೇನೆ, ಶಾಸನ ಸಿಕ್ಕಿಲ್ಲ. ನಾನು ಮಾಡಿದ್ದಲ್ಲ, ಕಮಲಾಳೂ ಮಾಡಿದ್ದಲ್ಲ. ಮಾಡಿದವರು ಸಿಗದ್ದರಿಂದ ರದ್ದುಪಡಿಸಿ ಎಂದು ಯಾರನ್ನು ಕೇಳಬೇಕೆಂಬುದೂ ತಿಳಿಯದೆ ನಾವೆಲ್ಲ ಅದನ್ನು ಪಾಲಿಸಿಕೊಂಡು ಬಂದೆವು. ಓಣಿಯ ಹೊಸ ಮನೆಗಳಲ್ಲಿ ಸೊಸೆಯಂದಿರು ಮಾವಂದಿರ ಜೊತೆ ಕುಳಿತು ಟಿ.ವಿ. ನೋಡುತ್ತಾರಂತೆ. ನಮ್ಮದು ಹಳೆಯ ಮನೆ. ಗೋಡೆಯ ಜೊತೆಗೆ ಇಂಥ ಕೆಲವು ಸಂಗತಿಗಳೂ ದಪ್ಪವಾಗಿರುತ್ತವೆ. ವೈಶಾಲಿಯ ದನಿ ನನಗೆ ಗೊತ್ತಿದ್ದದ್ದು ಪಾತ್ರೆಗಳ ಸದ್ದಿನ ಸಂದಿನಲ್ಲಿ ಬರುವ ಒಂದು ಪಿಸುಮಾತಾಗಿ ಮಾತ್ರ.

ಹೀಗಿರುವಾಗ ಒಂದು ದಿನ ಕಮಲಾ ಹೊಸ್ತಿಲ ಮೇಲೆ ಬೆಳ್ಳುಳ್ಳಿ ಬಿಡಿಸುತ್ತ ವಿಷಯ ತೆಗೆದಳು.

"ವೈಶಾಲಿಗೆ ಕಾಗವಾಡ ಹಾದ್ಯಾಗಿನ ಹೊಸಾ ಸಾಲ್ಯಾಗ ಕರದಾರ್ರಿ. ಇಂಗ್ಲಿಷ್ ಕಲಸಾಕ. ಮೊದಲ ಎಲ್ಲಾರ ಮುಂದ ಒಂದ ಪಾಠ ಮಾಡಿ ತೋರಸ್ಬೇಕಂತ."

"ತೋರಸ್ಲಿ."

"ಯಾವ ಪಾಠ ಅಂತ ಕೇಳ್ರಲಾ."

"ಯಾವ್ದು?"

"ಅದ ಏನೋ, ಒಂದಕ್ಕ ಟು ಹಚ್ಬೇಕಂತ, ಒಂದಕ್ಕ ಇಂಗ್ ಹಚ್ಬೇಕಂತ. ಯಾವ್ದಕ್ಕ ಯಾವ್ದು ಅಂತ ತಿಳೀವಲ್ದಂತ. ನೀವು ಹೇಳಿಕೊಡ್ರಿ."

ನಾನು ಕೈಯಲ್ಲಿದ್ದ ಪೇಪರನ್ನು ಕೆಳಗಿಟ್ಟೆ. ಬಿಟ್ಟು ಬಂದಿದ್ದ ಆ ಕೋಟೆ ನನ್ನನ್ನು ಹುಡುಕಿಕೊಂಡು ಮನೆಗೇ ಬಂದಿತ್ತು.

"ನಾನ? ಆಕಿಗೆ? ಹೆಂಗ ಹೇಳ್ಳಿ? ಮೊಬಾಯಿಲ್‌ದಾಗ ನೋಡಂತ ಹೇಳ."

"ನೋಡ್ಯಾಳ್ರಿ. ಅದರಾಗಿನ ಹೆಣ್ಮಗಳು ಬಸ್ ತಪ್ತೈತೇನೋ ಅನ್ನೂವಂಗ ಮಾತಾಡ್ತಾಳಂತ. ನಾ ಇಲ್ಲೇನ ಸತ್ತೇನಿ? ನೀವು ನನಗ ಹೇಳ್ರಿ, ನಾ ಮುಟ್ಟಸ್ತೇನಿ." ಆಮೇಲೆ ಬೆಳ್ಳುಳ್ಳಿಯಿಂದ ಕಣ್ಣೆತ್ತದೆ ಅಂದಳು: "ಬಂದಾಗಿಂದ ಏನೂ ಕೇಳಿಲ್ರಿ ಆ ಹುಡುಗಿ. ಈ ಸಲ ಆಗ್ಲಿಲ್ಲಂದ್ರ ಇನ್ನ ಮ್ಯಾಲೆ ಕೆಲಸದ ಮಾತs ತಗಿಯಾಂಗಿಲ್ಲ ಅಂದಾಳ."

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತ್ತು. ನಾನು ಒಪ್ಪಿದೆ.

ಮರುದಿನದಿಂದ ಪಾಠ ನಡೆಯಿತು. ಅಂಥ ಶಾಲೆಯನ್ನು ಯಾವ ಇಲಾಖೆಯೂ ಕಂಡಿರಲಾರದು. ನಾನು ಪಡಸಾಲೆಯ ಕುರ್ಚಿಯಿಂದ "ಡಿಸೈಡ್" ಎನ್ನುವುದು. ಹೊಸ್ತಿಲಿನಿಂದ ಕಮಲಾ ಒಳಗೆ ತಿರುಗಿ "ಡಿಸಾಯ್ಡ್ ಅಂತ ನೋಡ" ಎನ್ನುವುದು. ಒಳಗಿನಿಂದ ಪಿಸುಮಾತು. ಕಮಲಾ ಹೊರಗೆ ತಿರುಗಿ "ಟು ಅಂತಾಳ್ರಿ." "ಬರೋಬರಿ. ಫಿನಿಶ್?" "ಫಿನೀಶ್ ಅಂತವಾ." ಪಿಸುಮಾತು. "ಇಂಗ್ ಅಂತಾಳ್ರಿ." ನಡುನಡುವೆ ಕಮಲಾಳ ಸ್ವಂತ ಸಂಶಯಗಳೂ ಬರುತ್ತಿದ್ದವು. ರಿಫ್ಯೂಜ್ ಎಂದರೆ ಒಲ್ಲೆ ಅನ್ನುವುದು, ಅದಕ್ಕೆ ಟು ಬೇಕು ಎಂದೆ. ಅವಳಿಗೆ ಸರಿ ಬೀಳಲಿಲ್ಲ.

"ಒಲ್ಲೆ ಅನ್ನಾಕೂ ಇಷ್ಟ ಯಾಕ ಬೇಕ್ರಿ? ಸುಮ್ನ ಒಲ್ಲೆ ಅಂದ್ರ ತಿಳಿಯೂದಿಲ್ಲಾ ಆ ಮಂದಿಗೆ?"

ಗೋಡೆ ಎಷ್ಟು ದಪ್ಪವಿದ್ದರೂ ಬಾಗಿಲು ತೆರೆದೇ ಇರುತ್ತಿತ್ತು. ನನ್ನ ಮಾತು ವೈಶಾಲಿಗೆ ಕೇಳುತ್ತಿತ್ತು, ಅವಳ ಪಿಸುಮಾತೂ ಕಿವಿ ಚೂಪು ಮಾಡಿದರೆ ನನಗೆ ಕೇಳುತ್ತಿತ್ತು. ಆದರೆ ಅವು ಅನಧಿಕೃತ. ಅಧಿಕೃತ ಪ್ರತಿ ಹೊರಡುತ್ತಿದ್ದುದು ಹೊಸ್ತಿಲಿನಿಂದ. ಆ ಪ್ರತಿಗೂ ಮೂಲಕ್ಕೂ ಬಹಳ ವ್ಯತ್ಯಾಸವಿರುತ್ತಿತ್ತು. ಇಂಗ್ ಬೇಡುವ ಅವಾಯ್ಡ್ ಎಂಬುದಕ್ಕೆ ವೈಶಾಲಿ ಮತ್ತೆ ಮತ್ತೆ ಟು ಹಚ್ಚಿದ ದಿನ ನನಗೆ ಹಳೆಯ ಮೇಷ್ಟ್ರ ಸಿಟ್ಟು ಬಂತು.

"ಇಷ್ಟ ಹೇಳಿದ್ರೂ ತಲಿಯಾಗ ಹೋಗೂದಿಲ್ಲಂದ್ರ, ಬಿ.ಎಡ್. ಯಾವ ಸಂತ್ಯಾಗ ತಗೊಂಡಾಳಂತ ಕೇಳ ಆಕಿನ್ನ."

ಕಮಲಾ ಒಳಗೆ ತಿರುಗಿ, ನನ್ನ ಕಣ್ಣೆದುರಿಗೇ, ಒಂದಿಷ್ಟೂ ಅಳುಕಿಲ್ಲದೆ ಹೇಳಿದಳು: "ಬಿ.ಎಡ್. ಆದವ್ರಿಗೂ ಇದು ತ್ರಾಸ ಆಗ್ತೈತಿ, ಗಾಬರಿ ಆಗಬ್ಯಾಡ ಅಂತ ಅನ್ನಾಕತ್ತಾರವಾ ಮಾವಾರು."

ಒಳಗಿನಿಂದ ಉತ್ತರ ಬಂತು. ಅದು ನನಗೂ ಕೇಳಿಸಿತು: "ಸಾಲ್ಯಾಗಿನ ಹುಡುಗೂರಿಗೂ ಹಿಂಗs ಒದರ್ತಿದ್ರೇನ್ರಿ ಅತ್ತಿ ಇವ್ರು?"

"ಇನ್ನೊಮ್ಮಿ ನಿಧಾನಕ ಹೇಳ್ರಿ ಅಂತಾಳ್ರಿ, ಪಾಪ" ಎಂದಳು ಕಮಲಾ.

ತಿದ್ದೋಣವೆಂದರೆ ಸೊಸೆಯ ಜೊತೆ ನೇರ ಮಾತಿಲ್ಲ. ಹೀಗೆ ಆ ಪ್ರತಿಯೇ ಚಲಾವಣೆಯಾಯಿತು. ನಾನು ನಿಧಾನವಾಗಿ ಇನ್ನೊಮ್ಮೆ ಹೇಳಿದೆ.

ಪಟ್ಟಿ ಬಾಯಿಪಾಠವಾದರೆ ಸಾಲದು, ಏನಾದರೂ ತತ್ವ ಬೇಕು ಎಂದು ವೈಶಾಲಿಯ ಕಡೆಯಿಂದ ಬೇಡಿಕೆ ಬಂತು. ನಾನು ಗೈಡಿನಲ್ಲಿ ಇಲ್ಲದ, ನನ್ನ ಕೈಯಾರೆ ಕಟ್ಟಿದ ಒಂದು ತತ್ವವನ್ನು ಹೊರಗೆ ತೆಗೆದೆ. ಇನ್ನೂ ಆಗದ, ಮುಂದೆ ಆಗಬೇಕಾದ ಕೆಲಸಗಳಿಗೆ ಟು: ಬಯಸುವುದು, ನಿರ್ಧರಿಸುವುದು, ಮಾತು ಕೊಡುವುದು, ಯೋಜನೆ ಹಾಕುವುದು. ಆಗಲೇ ನಡೆಯುತ್ತಿರುವ, ಕೈಯಲ್ಲಿರುವ ಕೆಲಸಕ್ಕೆ ಇಂಗ್: ಮುಂದುವರಿಸುವುದು, ಮುಗಿಸುವುದು, ಸುಖಪಡುವುದು, ಬೇಸರಪಡುವುದು. ಈ ತತ್ವಕ್ಕೂ ತೂತುಗಳಿವೆ. ಆದರೆ ತೂತಿಲ್ಲದ ತತ್ವ ಇತಿಹಾಸದಲ್ಲೂ ನಾನು ಕಂಡಿಲ್ಲ. ಕಮಲಾ ಇದನ್ನು ಒಳಗೆ ದಾಟಿಸುವ ಮೊದಲು ಒಂದು ಕ್ಷಣ ತಡೆದಳು.

"ಅಂದ್ರ ಗಂಡಸ್ರ ಕೆಲಸಕ್ಕೆಲ್ಲಾ ಟು, ಹೆಂಗಸ್ರ ಕೆಲಸಕ್ಕೆಲ್ಲಾ ಇಂಗ್ ಅನ್ರಲಾ."

ನಾನು ಯೋಚಿಸಿದೆ. ಬೆಳಗಿನಿಂದ ನಾನು ಮೋಟಾರು ರಿಪೇರಿ ಮಾಡಿಸಬೇಕೆಂದು ನಿರ್ಧರಿಸಿದ್ದೆ, ಶೇಡಬಾಳಕ್ಕೆ ಹೋಗಿ ಬರಬೇಕೆಂದು ಯೋಜಿಸಿದ್ದೆ, ಹಿತ್ತಲ ಬೇಲಿ ಕಟ್ಟುತ್ತೇನೆಂದು ಮಾತು ಕೊಟ್ಟಿದ್ದೆ. ಅವರಿಬ್ಬರೂ ಬೆಳಗಿನಿಂದ ರೊಟ್ಟಿ ಬಡಿಯುತ್ತ, ಬೇಯಿಸುತ್ತ, ತೊಳೆಯುತ್ತ ಇದ್ದರು. ಇಂಗ್ಲಿಷ್ ವ್ಯಾಕರಣಕಾರರಿಗೆ ಈ ಸೂತ್ರ ಹೊಳೆದಿಲ್ಲವೆಂಬುದು ಅವರ ಮನೆಯ ಸಮಸ್ಯೆ. ಒಳಗಿನಿಂದ ನಗೆಯಂಥದೊಂದು ಸದ್ದು ಬಂದ ಹಾಗಾಯಿತು. ಅದರ ಅಧಿಕೃತ ಪ್ರತಿ ಮಾತ್ರ ಬರಲಿಲ್ಲ.

ಪಾಠ ಮಾಡಿ ತೋರಿಸುವ ದಿನ ಸಂಜು ಹೆಂಡತಿಯನ್ನು ಮೋಟರ್ ಸೈಕಲ್ ಮೇಲೆ ಶಾಲೆಗೆ ಬಿಟ್ಟು ಕಾರ್ಖಾನೆಗೆ ಓಡಿದ. ನಾನು, ಕಮಲಾ ಬಸ್ಸಿನಲ್ಲಿ ಹಿಂದಿನಿಂದ ಹೋದೆವು. ಹೋಗುವ ಅವಶ್ಯಕತೆ ಇರಲಿಲ್ಲ. ಆದರೆ "ಹುಡುಗಿ ಒಬ್ಬಾಕಿನs ಇರ್ತಾಳ" ಎಂದು ಕಮಲಾ, "ಬಸ್ಸಿನಾಗ ನೀ ಒಬ್ಬಾಕಿನs ಇರ್ತಿ" ಎಂದು ನಾನು. ಸುತ್ತ ಕಬ್ಬು, ನಡುವೆ ಹೊಸ ಬಣ್ಣದ ಶಾಲೆ. ಏಳನೆಯ ತರಗತಿಯ ಹೊರಗೆ ಕಟ್ಟೆಯ ಮೇಲೆ, ಕಿಡಕಿಗೆ ಹೊಂದಿಕೊಂಡು ನಾವಿಬ್ಬರೂ ಕುಳಿತೆವು. ಒಳಗೆ ಮಕ್ಕಳು, ಹಿಂದಿನ ಬೆಂಚಿನಲ್ಲಿ ಮುಖ್ಯೋಪಾಧ್ಯಾಯಿನಿ ಮತ್ತು ಆಡಳಿತ ಮಂಡಳಿಯ ಒಂದಿಬ್ಬರು. ವೈಶಾಲಿ ಶುರು ಮಾಡಿದಳು. ದನಿ ತೆಳ್ಳಗಿತ್ತು, ಆದರೆ ಇತ್ತು. ವಾಂಟ್ ಎಂದು ಹಲಗೆಯ ಮೇಲೆ ಬರೆದಳು.

ಆಗ ಚೇರಮನ್ನರು ಒಳಗೆ ಬಂದರು.

ಚೇರಮನ್ನರೆಂದರೆ ಬಾಳಾಸಾಹೇಬಣ್ಣ, ನನ್ನ ದೊಡ್ಡಪ್ಪನ ಮಗ, ನನಗಿಂತ ಹಿರಿಯ. ಲೆಕ್ಕದಲ್ಲಿ ವೈಶಾಲಿಗೆ ದೊಡ್ಡ ಮಾವ. ಮನೆಯ ಸೊಸೆಯನ್ನು ಸುಮ್ಮನೆ ಕೆಲಸಕ್ಕೆ ತೆಗೆದುಕೊಂಡರೆ ಜನ ಆಡಿಕೊಳ್ಳುತ್ತಾರೆಂದು, ತಾನೇ ಕುಳಿತು ನೋಡಿ ನಿರ್ಣಯಿಸುವ ನ್ಯಾಯನಿಷ್ಠೆಯಿಂದ ಬಂದಿದ್ದ. ಅವನ ಬಿಳಿ ಟೋಪಿ ಬಾಗಿಲಲ್ಲಿ ಕಂಡದ್ದೇ ತಡ, ವೈಶಾಲಿಯ ಕೈ ತಾನಾಗಿಯೇ ಸೆರಗಿಗೆ ಹೋಯಿತು. ಸೆರಗು ತಲೆಯ ಮೇಲೆ ಬಂತು. ಕಾಲುಗಳು ಹಿಂದೆ ಸರಿದವು. ಮೂರು ಭಾಷೆ ಬಲ್ಲ, ಬಿ.ಎಡ್. ಆದ ಹೆಣ್ಣುಮಗಳು ಹಲಗೆಯನ್ನು ಬಿಟ್ಟು, ತೆರೆದ ಬಾಗಿಲಿನ ಹಿಂದಿನ ಮೂಲೆಯಲ್ಲಿ, ದೊಡ್ಡ ಮಾವ ಪಡಸಾಲೆಗೆ ಬಂದಾಗ ನಿಲ್ಲಬೇಕಾದ ಜಾಗದಲ್ಲಿ, ಸರಿಯಾಗಿ ನಿಂತುಕೊಂಡಳು. ನಿಂತು, ಬಾಯಿ ಮುಚ್ಚಿಕೊಂಡಳು.

ಮಕ್ಕಳು ಹಲಗೆಯನ್ನು ನೋಡಿದರು. ಹಲಗೆಯ ಮೇಲೆ ವಾಂಟ್ ಒಂದೇ ಉಳಿದಿತ್ತು. ಏನು ಬೇಕೆಂದು ಹೇಳುವವರಿಲ್ಲ. ಮುಖ್ಯೋಪಾಧ್ಯಾಯಿನಿ ಹೊರಗಿನವರು. ಅವರಿಗೆ ಏನೂ ತಿಳಿಯಲಿಲ್ಲ. "ಕಂಟಿನ್ಯೂ ಮಾಡಿ" ಎಂದು ಎರಡು ಸಲ ಹೇಳಿದರು. ಬಾಳಾಸಾಹೇಬಣ್ಣನಿಗೆ ಎಲ್ಲ ತಿಳಿಯಿತು. ತಿಳಿದದ್ದರಿಂದಲೇ ಅವನು ಕೂಡಲೂ ಆಗದೆ, ಏಳಲೂ ಆಗದೆ ಮಕ್ಕಳ ಬೆಂಚಿನ ತುದಿಯಲ್ಲಿ ತೂಗಾಡಿದ. ನಾನು ಕಿಡಕಿಯಲ್ಲಿ ಬಾಯಿ ತೆರೆದೆ. ಸೊಸೆಗೆ ನೇರ ಹೇಳುವಂತಿಲ್ಲ. ಹಿರಿಯಣ್ಣನಿಗೆ ಎದುರಾಡುವಂತಿಲ್ಲ. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದೆ. ಆ ಹುಡುಗಿಯ ಕೆಲಸ ಕಣ್ಣ ಮುಂದೆ ಹೋಗುತ್ತಿತ್ತು. ಅದನ್ನು ಕಳೆಯುತ್ತಿದ್ದುದು ನಮ್ಮೆಲ್ಲರ ಮರ್ಯಾದೆ.

ಪಕ್ಕದಲ್ಲಿ ನೋಡಿದರೆ ಕಮಲಾ ಇರಲಿಲ್ಲ. ಅವಳು ತರಗತಿಯ ಬಾಗಿಲಲ್ಲಿದ್ದಳು.

ಇಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು. ಗಂಡನ ಹಿರಿಯಣ್ಣನ ಜೊತೆಗೂ ನಮ್ಮಲ್ಲಿ ನೇರ ಮಾತಿಲ್ಲ. ಕಮಲಾ ಮದುವೆಯಾಗಿ ಬಂದಾಗಿನಿಂದ ಬಾಳಾಸಾಹೇಬಣ್ಣನಿಗೆ ಒಂದು ಶಬ್ದ ಆಡಿದವಳಲ್ಲ. ಅವನಿಗೆ ನೀರು ಬೇಕೆಂದರೂ ಮಕ್ಕಳ ಕೈಯಲ್ಲಿ ಕಳಿಸಿದವಳು. ಅಂಥವಳು ಸೆರಗನ್ನು ಹಣೆಯ ತನಕ ಎಳೆದುಕೊಂಡು, ನೆಲ ನೋಡುತ್ತ, ಇಡೀ ತರಗತಿಗೆ ಕೇಳುವಂತೆ ಅಂದಳು:

"ಭಾವಾರ, ತಪ್ಪ ತಿಳೀಬ್ಯಾಡ್ರಿ. ನೀವು ಇಲ್ಲಿ ಚೇರಮನ್ ಆಗಿ ಕುಂತೀರೋ, ಮಾವ ಆಗಿ ಕುಂತೀರೋ? ಚೇರಮನ್ ಆಗಿದ್ರ ಕುಂದರ್ರಿ. ಮಾವ ಆಗಿದ್ರ ಹೊರಗ ಬರ್ರಿ, ಇಲ್ಲಿ ಕಟ್ಟಿ ಮ್ಯಾಲೆ ಇನ್ನೊಬ್ರು ಮಾವ ಸುಮ್ನ ಕುಂತಾರ, ಅವ್ರ ಮಗ್ಗಲಕ ಜಾಗಾ ಐತಿ."

ಮಕ್ಕಳು ಕಿಡಕಿಯ ಕಡೆ ತಿರುಗಿ ಆ ಇನ್ನೊಬ್ಬ ಮಾವನನ್ನು ನೋಡಿದರು. ನಾನು ಕಬ್ಬಿನ ಕಡೆ ನೋಡಿದೆ.

ಬಾಳಾಸಾಹೇಬಣ್ಣ ತಲೆಯ ಮೇಲಿನ ಟೋಪಿ ತೆಗೆದು, ಮಡಚಿ, ಕಿಸೆಯಲ್ಲಿಟ್ಟುಕೊಂಡ. ಟೋಪಿಯಿಲ್ಲದ ಅವನ ತಲೆಯನ್ನು ಊರು ಕಂಡಿರಲಿಲ್ಲ. ಬೆಂಚಿನ ಮೇಲೆ ಇಬ್ಬರು ಹುಡುಗಿಯರ ನಡುವೆ ಸರಿದು ಕುಳಿತು, ಬಾಗಿಲಿನ ಹಿಂದಿನ ಮೂಲೆಗೆ ಕೇಳುವಂತೆ ಅಂದ:

"ಮೇಡಂ, ಸುರು ಮಾಡ್ರಿ. ನಮಗೂ ಇದು ಸಣ್ಣಾಂವಿದ್ದಾಗಿಂದ ತಿಳಿದಿಲ್ರಿ."

ಮಕ್ಕಳು ಗೊಳ್ಳೆಂದು ನಕ್ಕರು. ಆ ನಗೆಯ ಮರೆಯಲ್ಲಿ ವೈಶಾಲಿ ಮೂಲೆಯಿಂದ ಹೊರಬಂದಳು. ಸೆರಗನ್ನು ತಲೆಯಿಂದ ಇಳಿಸಲಿಲ್ಲ, ಮುಖ ಮಾತ್ರ ಮೇಲೆತ್ತಿದಳು. ಹಿರಿಯರಿಗೆ ಬೆನ್ನು ಮಾಡಬಾರದೆಂದು ಹಲಗೆಗೆ ಓರೆಯಾಗಿ ನಿಂತೇ ಬರೆದದ್ದರಿಂದ ಅವಳ ಸಾಲುಗಳೆಲ್ಲ ಕೃಷ್ಣೆಯ ದಂಡೆಯಂತೆ ಇಳಿಜಾರಾದವು. ಆದರೆ ದನಿ ಏರಿತು. ಕಿಡಕಿ ದಾಟಿ, ನನ್ನನ್ನು ದಾಟಿ, ಕಬ್ಬಿನೊಳಗೆ ಹೋಯಿತು. ಬಯಸುವುದಕ್ಕೆ ಯಾಕೆ ಟು, ಮುಗಿಸುವುದಕ್ಕೆ ಯಾಕೆ ಇಂಗ್ ಎಂದು ಅವಳು ಹೇಳಿದ ರೀತಿ ನನ್ನ ತತ್ವದ್ದೇ, ಆದರೆ ತೂತುಗಳನ್ನು ಎಲ್ಲಿಯೋ ಹೊಲಿದಿದ್ದಳು. ಇಷ್ಟು ದೊಡ್ಡ ದನಿ ನಮ್ಮ ಮನೆಯೊಳಗೆ ಇಷ್ಟು ದಿನ ಎಲ್ಲಿ ಇಟ್ಟುಕೊಂಡಿದ್ದಳೆಂದು ನನಗೆ ಆಶ್ಚರ್ಯವಾಯಿತು.

ಕಮಲಾ ಬಂದು ಪಕ್ಕದಲ್ಲಿ ಕುಳಿತಳು. ಹಣೆಯ ಮೇಲಿನ ಸೆರಗನ್ನು ಹಿಂದೆ ಸರಿಸಿದಳು.

"ಭಾವಾರಿಗೆ ಸಿಟ್ಟ ಬಂದಿರ್ಬೇಕೇನ್ರಿ?"

"ಬಂದಿದ್ರ ಟೋಪಿ ಕಿಸೆದಾಗ ಇಟ್ಕೊತಿದ್ದಿಲ್ಲ. ಒಗೀತಿದ್ದ."

ವೈಶಾಲಿಗೆ ಕೆಲಸ ಸಿಕ್ಕಿತು. ಮೊದಲ ದಿನ ಹೊರಡುವಾಗ ಅವಳು ಪಡಸಾಲೆಯಲ್ಲಿ ನಿಂತು, ನನ್ನ ಕಡೆಗೇ ಮುಖ ಮಾಡಿ "ಬರ್ತೇನ್ರಿ ಮಾವಾರ" ಅಂದಳು. ಹೊಸ್ತಿಲ ಮೇಲಿದ್ದ ಕಮಲಾ ಅಭ್ಯಾಸದಿಂದ ನನ್ನ ಕಡೆ ತಿರುಗಿ "ಬರ್ತಾಳಂತ್ರಿ" ಅಂದಳು. ಒಂದು ಸಂಸ್ಥೆ ಮುಚ್ಚುವಾಗ ಇಷ್ಟು ಗಲಿಬಿಲಿ ಸಹಜ.

ಮೊನ್ನೆ ಸಂಜೆ ಕಮಲಾ ಪಕ್ಕದ ಮನೆಗೆ ಅರಿಷಿಣ ಕುಂಕುಮಕ್ಕೆ ಹೋಗಿದ್ದಳು. ಶಾಲೆಯಿಂದ ಬಂದ ವೈಶಾಲಿ ಮರುದಿನದ ಪಾಠ ಹಿಡಿದು ಪಡಸಾಲೆಗೆ ಬಂದು, ಸ್ವಲ್ಪ ತಡೆದು, ಎದುರಿನ ಕುರ್ಚಿಯ ತುದಿಯಲ್ಲಿ ಕುಳಿತಳು. "ಒಮ್ಮಿ ಕೇಳ್ರಿ ಮಾವಾರ, ತಪ್ಪಿದ್ರ ಹೇಳ್ರಿ" ಎಂದು ಓದತೊಡಗಿದಳು. ನಾಲ್ಕನೆಯ ವಾಕ್ಯದಲ್ಲಿ ಸಜೆಸ್ಟ್ ಎಂಬುದಕ್ಕೆ ಇಂಗ್ ಬದಲು ಟು ಹಚ್ಚಿದಳು.

ನನ್ನ ಗಂಟಲಿಗೆ ಹಳೆಯ ಮೇಷ್ಟ್ರ ಮಾತು ಬಂದು ನಿಂತಿತು. ರೂಢಿಯಂತೆ ಹೊಸ್ತಿಲ ಕಡೆ ನೋಡಿದೆ. ಯಾರೂ ಇಲ್ಲ. ಹೊರಬಿದ್ದರೆ ಅದು ಹಾಗೆಯೇ, ತಿದ್ದುಪಡಿಯಿಲ್ಲದೆ, ಎದುರಿನ ಕುರ್ಚಿಗೆ ಮುಟ್ಟುತ್ತದೆ. ಇಷ್ಟು ವರ್ಷ ನಾನು ಅರ್ಧ ಕೆಲಸ ಮಾಡಿ ಬಿಡುತ್ತಿದ್ದೆ. ಉಳಿದರ್ಧ ಎಷ್ಟು ಕಷ್ಟದ್ದೆಂದು ಆಗ ಗೊತ್ತಾಯಿತು. ಮಾತನ್ನು ನುಂಗಿದೆ, ಇನ್ನೊಂದನ್ನು ಹುಡುಕಿದೆ.

"ಅಲ್ಲೆ ನಾನೂ ಎಡವಿದ್ದೇನವಾ. ಬಾಳ ವರ್ಸ ಹುಡುಗೂರಿಗೆ ತಪ್ಪs ಕಲಿಸೇನಿ."

"ಗೊತ್ತೈತ್ರಿ ಮಾವಾರ" ಎಂದಳು ವೈಶಾಲಿ. "ಅತ್ತಿಯಾರು ಹೇಳ್ಯಾರ."

ನನಗೆ ನಗು ಬಂತು. ಅವಳಿಗೆ ನನಗಿಂತ ಮೊದಲೇ ಬಂದಿತ್ತು. ಅಷ್ಟರಲ್ಲಿ ಹಣೆ ತುಂಬ ಕುಂಕುಮ ಹಚ್ಚಿಕೊಂಡು ಕಮಲಾ ಒಳಗೆ ಬಂದಳು. ಮಾವ, ಸೊಸೆ ಎದುರುಬದುರು ಕುಳಿತು ನಗುವುದನ್ನು ಕಂಡು ನಿಂತಲ್ಲೇ ನಿಂತಳು.

"ಏನಾತ್ರಿ?"

"ನಿನ್ನ ಸೊಸಿನ್ನ ಕೇಳ."

"ಏನವಾ, ಏನಂದ್ರು?"

"ಮಾವಾರನ್ನs ಕೇಳ್ರಿ ಅತ್ತಿ."

ನೇರ ಮಾತು ಸುರುವಾದರೆ ಮನೆಯಲ್ಲಿ ಮುಚ್ಚುಮರೆ ಉಳಿಯುವುದಿಲ್ಲ ಎಂದು ತಿಳಿದಿದ್ದೆ. ಆದದ್ದು ತಿರುವುಮುರುವು. ನನಗೂ ಸೊಸೆಗೂ ನಡುವೆ ಮೊದಲನೆಯ ಗುಟ್ಟು ಹುಟ್ಟಿತ್ತು.